ನಾಡಿ ಇಲ್ಲದ ಮಾವನಿಗೆ ಹಾಕಿದ ಎಲೆ

ಅವತ್ತು ಹರದನಹಳ್ಳಿಯ ಅಜ್ಜಿ ಮನೆಯ ಜಗಲಿ ಮೇಲೆ ನಾವು ನಾಲ್ವರಿದ್ದೆವು. ಕಂಬಕ್ಕೊರಗಿ ಕೂತ ಅಜ್ಜಿ. ಅವಳ ಪಕ್ಕದಲ್ಲಿ ಸೊಪ್ಪು ಸೋಸುತ್ತಿದ್ದ ನನ್ನಮ್ಮ. ಮೆಟ್ಟಿಲ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿಯ ಮೈದುನ, ಅಂದರೆ ನಮ್ಮ ಚಿಕ್ಕತಾತ. ಮತ್ತೆ ಚಾಮರಾಜನಗರದ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಸ್ಸಿಳಿದು ಬಂದಿದ್ದ ನಾನು. ಕಾಯುತ್ತಿದ್ದುದು ಗುಂಡ್ಲುಪೇಟೆಯಿಂದ ಬರಬೇಕಾಗಿದ್ದ ಮಾವ ಮತ್ತು ಅತ್ತೆಗಾಗಿ. ಮಾವ ಎಂದರೆ ಅಜ್ಜಿಯ ಒಬ್ಬನೇ ಮಗ, ನನ್ನಮ್ಮನ ತಮ್ಮ. ಎದೆಯೊಳಗೆ ಪಂಪು ಇಡಿಸಿಕೊಂಡ ಮೇಲೆ ಅವನು ಹುಟ್ಟಿದ ಮನೆಗೆ ಬರುತ್ತಿದ್ದುದು ಅದೇ ಮೊದಲು.

ಗುಂಡ್ಲುಪೇಟೆಯಲ್ಲಿ ಅವನದು ಈರುಳ್ಳಿ ಮಂಡಿ. ಮೂಟೆ ಹೊರುವವರ ಜೊತೆ ತಾನೂ ಹೆಗಲು ಕೊಡುತ್ತಿದ್ದ ಮನುಷ್ಯ, ನೋಡನೋಡುತ್ತ ಮಂಡಿಯ ಈ ಬಾಗಿಲಿಂದ ಆ ಬಾಗಿಲಿಗೆ ನಡೆಯಲಾರದ ಹಾಗಾದ. ಕಾಲು ಬಾತುಕೊಂಡವು. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದ. ಹೃದಯಕ್ಕೆ ರಕ್ತ ತಳ್ಳುವ ತ್ರಾಣ ಉಳಿದಿಲ್ಲ, ಇನ್ನೊಬ್ಬರ ಹೃದಯ ಸಿಗುವ ತನಕವೂ ಅದು ತಡೆಯುವುದಿಲ್ಲ ಎಂದರು ಬೆಂಗಳೂರಿನ ಡಾಕ್ಟರು. ಹೃದಯವನ್ನು ಅಲ್ಲೇ ಬಿಟ್ಟು ಅದರ ತುದಿಗೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ಪಂಪೊಂದನ್ನು ಹೊಲಿದರು. ಅದರಿಂದ ಒಂದು ವೈರು ಹೊಟ್ಟೆಯ ಚರ್ಮ ತೂರಿ ಹೊರಗೆ ಬಂದು ಸೊಂಟದ ಮೇಲಿನ ಸಣ್ಣ ಪೆಟ್ಟಿಗೆಗೆ ಸೇರುತ್ತದೆ. ಆ ಪೆಟ್ಟಿಗೆಗೆ ಯಾವಾಗಲೂ ಕರೆಂಟು ಇರಬೇಕು. ಓಡಾಡುವಾಗ ಎರಡು ಬ್ಯಾಟರಿ, ಮಲಗುವಾಗ ಗೋಡೆಯ ಪ್ಲಗ್ಗು. ಹೆದ್ದಾರಿ ಪಕ್ಕದ ಜಮೀನು ಇದಕ್ಕೇ ಹೋಯಿತು. ಆ ಮಾತು ಇಲ್ಲಿ ಬೇಡ.

ಇನ್ನು ಅಜ್ಜಿಯ ಒಂದು ಅಭ್ಯಾಸ ಹೇಳಬೇಕು. ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲೇ ‘ಕೈ ಕೊಡು ಇಲ್ಲಿ’ ಎಂದು ಮಣಿಕಟ್ಟು ಹಿಡಿಯುತ್ತಿದ್ದಳು. ಅವಳ ಮಾವ, ಅಂದರೆ ಗಂಡನ ಅಪ್ಪ, ನಾಡಿ ನೋಡಿ ಬೇರು ಕೊಡುತ್ತಿದ್ದವರಂತೆ. ಬೇರಿನ ವಿದ್ಯೆ ಅವಳಿಗೆ ಬರಲಿಲ್ಲ, ಕೈ ಹಿಡಿಯುವುದೊಂದು ಉಳಿದುಕೊಂಡಿತು. ಹಿಡಿದು, ಕಣ್ಣು ಮುಚ್ಚಿ, ‘ಎಳಗರು ನೆಗದಂಗ ನೆಗೀತಾ ಅದ ಕಣ’ ಎನ್ನುವಳು, ಇಲ್ಲ ‘ಸುಸ್ತಾಗಿದ್ದೀಯೆ, ಉಣ್ಣೋಗು’ ಎನ್ನುವಳು. ಪರೀಕ್ಷೆಯ ದಿನ, ಮದುವೆಯ ದಿನ, ಬಸುರಿಯಾದಾಗ, ನಮ್ಮೆಲ್ಲರ ಕೈಯೂ ಅವಳ ಬೆರಳುಗಳ ಕೆಳಗೆ ಮಿಡಿದಿದೆ. ನಮ್ಮ ಮನೆಯಲ್ಲಿ ನಮಸ್ಕಾರ ಎಂದರೆ ಅದೇ.

ಕಾರು ಬಂತು. ಮುಂದೆ ಬ್ಯಾಟರಿ ಬ್ಯಾಗನ್ನು ಕೂಸಿನ ಹಾಗೆ ಎದೆಗವಚಿಕೊಂಡ ಅತ್ತೆ, ಹಿಂದೆ ಮಾವ. ಮುಖಕ್ಕೆ ಬಣ್ಣ ಬಂದಿತ್ತು. ಮೂರು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದ. ಅಮ್ಮ ಅಳುವುದಕ್ಕೆ ಶುರುಮಾಡಿದಳು. ಅಜ್ಜಿ ಅಳಲಿಲ್ಲ.

‘ಕೈ ಕೊಡ್ಲಾ ಇಲ್ಲಿ’ ಅಂದಳು.

ಕೊಟ್ಟ. ಅಜ್ಜಿ ಕಣ್ಣು ಮುಚ್ಚಿದಳು. ಬೆರಳು ಸ್ವಲ್ಪ ಸರಿಸಿದಳು. ಇನ್ನೂ ಸ್ವಲ್ಪ ಒತ್ತಿದಳು. ಆ ಕೈ ಬಿಟ್ಟು ಇನ್ನೊಂದು ಕೈ ಹಿಡಿದಳು. ಚಿಕ್ಕತಾತ ಕುಟ್ಟುವುದನ್ನು ನಿಲ್ಲಿಸಿದ. ಅಜ್ಜಿ ಕಣ್ಣು ತೆರೆದು ಮಗನ ಮುಖ ನೋಡಿದಳಲ್ಲ, ಆ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ. ಗುರುತಿಲ್ಲದವರು ಬಾಗಿಲಿಗೆ ಬಂದರೆ ನೋಡುತ್ತಾರಲ್ಲ, ಆ ಥರ.

‘ಏನೂ ಇಲ್ಲ’ ಅಂದಳು, ಮೆಲ್ಲಗೆ.

ಮಾವ ನಕ್ಕ. ‘ಇರಲ್ಲ ಕಣವ್ವ. ಡಾಕ್ಟ್ರು ಮೊದಲೇ ಯೇಳವ್ರೆ. ಗುಂಡ್ಲುಪೇಟೇಲಿ ಬೀಪಿ ನೋಡಕ್ಕೆ ಬಂದ ನರ್ಸಮ್ಮ ಮಿಷನ್ನು ಕೆಟ್ಟೋಗದೆ ಅಂತ ಎಲ್ಡು ಸಲ ಬದಲಾಯಿಸ್ಬುಟ್ಳು. ಆಮೇಲೆ ನನ್ನೇ ನೋಡಿ ಓಡೋದ್ಳು!’

ಯಾರೂ ನಗಲಿಲ್ಲ. ಅವನು ಅವ್ವನ ಎದುರು ಕುಕ್ಕುರುಗಾಲಲ್ಲಿ ಕೂತು ತಿಳಿಸಿ ಹೇಳಿದ. ‘ನಮ್ಮ ಬಾವೀಲಿ ಮೊದ್ಲು ಕಪಿಲೆ ಇತ್ತಲ್ಲವ್ವ? ಎತ್ತು ಇಳಿಜಾರಿಗೆ ಓದ್ರೆ ನೀರು ಸುರಿಯೋದು, ಹಿಂದಕ್ಕೆ ಬಂದ್ರೆ ನಿಲ್ಲೋದು. ಸುರಿಯೋದು, ನಿಲ್ಲೋದು. ಆಮೇಲೆ ಮೋಟ್ರು ಹಾಕಿಸ್ದೊ. ಒಂದೇ ಸಮ ಬತ್ತದೆ, ನಿಲ್ಲಂಗೇ ಇಲ್ಲ. ಹಂಗೇ ಇದು. ಒಳಗೆ ಚಕ್ರ ತಿರುಗ್ತಾ ಅದೆ. ರಕ್ತ ಒಂದೇ ಸಮ ಓಡ್ತದೆ. ಅದ್ಕೇ ಮಿಡಿಯಲ್ಲ.’

ಅಜ್ಜಿ ‘ಕಪಿಲೆ ಹೊಡಿಯೋನು ಹಾಡೋನು’ ಅಂದಳು. ‘ಮೋಟ್ರು ಹಾಡಲ್ಲ.’ ಎದ್ದು ಒಳಗೆ ಹೋದಳು. ಮಾವನಿಗೆ ನೀರು ತಂದುಕೊಟ್ಟದ್ದು ನಾನು.

ನಿಜ ಹೇಳಬೇಕೆಂದರೆ, ಊಟವಾದ ಮೇಲೆ ನಾನೂ ಮಾವನ ಕೈ ಹಿಡಿದು ನೋಡಿದೆ. ಬೆಚ್ಚಗಿತ್ತು. ಮಂಡಿಯ ಗೋಣಿದಾರ ಎಳೆದೆಳೆದು ಗಟ್ಟಿಯಾದ ಅದೇ ಬೆರಳು. ಚರ್ಮದ ಕೆಳಗೆ ಮಾತ್ರ ಏನೂ ಇಲ್ಲ. ಬಿಸಿಲಿಗೆ ಕಾದ ಬಾಗಿಲ ಪಟ್ಟಿಯ ಮೇಲೆ ಬೆರಳಿಟ್ಟಂತೆ. ನನ್ನ ಬೆರಳ ತುದಿಯಲ್ಲಿ ಮಿಡಿಯುತ್ತಿದ್ದುದು ನನ್ನದೇ ನಾಡಿ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈ ಬಿಟ್ಟುಬಿಟ್ಟೆ.

‘ಎದುರ್ಕೊಂಡಾ ಕಣಮ್ಮಿ?’ ಅಂದ ಮಾವ. ‘ನಂಗೂ ಅಂಗೇ ಆಗದು. ಮೊದ್ಲು ಎದೆ ಢವಢವ ಅಂತ ನಿದ್ದೆ ಬರ್ತಿರಲಿಲ್ಲ. ಈಗ ಏನೂ ಕೇಳಲ್ವಲ್ಲ ಅಂತ ನಿದ್ದೆ ಬರಲ್ಲ. ಕಿವೀನ ದಿಂಬಿಗೆ ಒತ್ಕೊಂಡ್ರೆ ಸಣ್ಣಗೆ ಗುಂಯ್ ಅಂತದೆ. ಬಂಡೀಪುರದ ಕಾಡಿನ ಗೇಟು ರಾತ್ರಿ ಹಾಕ್ದಾಗ ಲಾರಿಗಳು ಸಾಲಾಗಿ ನಿಂತಿರ್ತವಲ್ಲ, ಇಂಜಿನ್ ಆಫ್ ಮಾಡ್ದೆ, ಯಾವಾಗ ತೆಗೀತಾರೆ ಅಂತ? ಹಂಗೆ.’ ಅಡುಗೆಮನೆಯ ಕಡೆ ನೋಡಿ ಹೇಳಿದ: ‘ಅವ್ವ ನನ್ ಮುಖ ನೋಡ್ತಿಲ್ಲ ಕಣ. ಒಂದ್ ಸಲ ಲೇ ಮಗ ಅಂದ್ಬುಟ್ರೆ ಸಾಕಾಗಿತ್ತು.’

ಅಜ್ಜಿ ಅವತ್ತು ಅನ್ನಲಿಲ್ಲ. ಆಮೇಲಿನ ಭೇಟಿಗಳಲ್ಲೂ ಅನ್ನಲಿಲ್ಲ. ಅವನು ಬಂದರೆ ಎಲೆ ಹಾಕುವಳು, ಬಡಿಸುವಳು, ದೂರ ಕೂತು ನೋಡುವಳು. ಅಂಗಳದಲ್ಲಿ ನಡೆದರೆ ಅವನ ನೆರಳು ನೆಲಕ್ಕೆ ಬೀಳುತ್ತದೆಯೋ ಎಂದು ನೋಡುವಳು. ಒಂದು ಸಲ ಹಿತ್ತಿಲಲ್ಲಿ ನನ್ನ ಸೆರಗು ಹಿಡಿದೆಳೆದು, ‘ಅವನ ಪಾದ ನೋಡ್ದಾ ಕೂಸೆ?’ ಅಂದಳು.

‘ಮುಂದಕ್ಕೇ ಅವೆ ಅಜ್ಜಿ’ ಅಂತ ನಗಾಡಿದೆ. ‘ನಾಯೀನೂ ಬಾಲ ಅಲ್ಲಾಡಿಸ್ತು, ನೋಡ್ನಿಲ್ವಾ?’

‘ನಾಯಿಗೆ ಯಾನ ಗೊತ್ತು. ವಾಸನೆ ಅವನ್ದೇ ಅದೆ.’ ಅವಳು ನಗಲಿಲ್ಲ. ‘ನನ್ ಮಗ ಅಲ್ಲೇ ಓಗ್ಬುಟ್ಟ ಕಣ. ಎದೆ ಕುಯ್ದಾಗ್ಲೇ. ನೀವ್ಯಾರೂ ನಂಗೆ ಯೇಳ್ನಿಲ್ಲ.’

‘ಅಂಗಾದ್ರೆ ಜಗಲಿ ಮೇಲೆ ಕುಂತಿರೋದು ಯಾರಜ್ಜಿ?’

‘ಅದ್ನೇ ಕಣ ನಾನೂ ಕೇಳ್ತಿರೋದು.’

ಮಟಮಟ ಮಧ್ಯಾಹ್ನವಾಗಿತ್ತು. ಜಗಲಿಯಿಂದ ಮಾವನ ಕೆಮ್ಮು ಕೇಳಿಸಿತು. ನಾನೂ ಒಂದು ಗಳಿಗೆ ಕಿವಿಗೊಟ್ಟು ಕೇಳಿದೆ, ಅದು ಅವನದೇ ಕೆಮ್ಮೇನೋ ಎಂದು.

ಹೀಗೇ ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಗೆ ನಮ್ಮ ಕಡೆ ಸತ್ತವರಿಗೆ ಎಡೆ ಇಕ್ಕುತ್ತಾರೆ. ಹೋದವರ ಲೆಕ್ಕಕ್ಕೆ ಒಂದೊಂದು ಬಾಳೆಲೆ, ಅವರವರಿಗೆ ಇಷ್ಟವಾದ ಅಡುಗೆ, ಹೊಸ ಬಟ್ಟೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ. ನಡುಮನೆಯಲ್ಲಿ ಎಲ್ಲವನ್ನೂ ಇಟ್ಟು, ಧೂಪ ಹಾಕಿ, ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿ ಚಿಲಕ ಸಿಕ್ಕಿಸುತ್ತೇವೆ. ಹಿರೀಕರು ಬಂದು ಉಂಡು ಹೋಗುವ ತನಕ ಯಾರೂ ತೆಗೆಯುವ ಹಾಗಿಲ್ಲ. ಅಜ್ಜಿಯ ಮನೆಯಲ್ಲಿ ಇದರ ಮೇಲೆ ಇನ್ನೊಂದು ಕಟ್ಟಳೆ. ಊರಿಗೆ ಕರೆಂಟು ಬಂದ ವರ್ಷ ಅವಳೇ ಮಾಡಿದ್ದು. ಬಾಗಿಲು ಹಾಕುವಾಗ ಜಗಲಿಯ ಮೇನ್ ಸ್ವಿಚ್ಚು ಇಳಿಸಬೇಕು, ಒಳಗೆ ಎಣ್ಣೆ ದೀಪ ಒಂದೇ ಇರಬೇಕು. ‘ನಮ್ ಮಾವ ಕರೆಂಟು ಕಂಡೋರಲ್ಲ, ಬೆಚ್ಚಿಬಿದ್ದು ಉಣ್ದೆ ಓಗ್ಬುಟ್ಟಾರು’ ಅನ್ನುತ್ತಿದ್ದಳು. ನಮಗೆಲ್ಲ ಅದು ಎಷ್ಟು ರೂಢಿಯಾಗಿತ್ತೆಂದರೆ, ಅದರ ಬಗ್ಗೆ ಯಾರೂ ಯೋಚಿಸುತ್ತಲೇ ಇರಲಿಲ್ಲ.

ಆ ವರ್ಷ ಎಲೆ ಹಾಸುವಾಗ ಒಂದು ಎಲೆ ಜಾಸ್ತಿಯಿತ್ತು.

ಅಮ್ಮ ಮೊದಲು ನೋಡಿದಳು. ನನ್ನನ್ನು ಚಿವುಟಿದಳು. ಬೇರೆ ಎಲೆಗಳಿಗೆಲ್ಲ ಮಾಂಸದ ಸಾರು, ಕಜ್ಜಾಯ, ವಡೆ. ತುದಿಯ ಎಲೆಗೆ ರಾಗಿಮುದ್ದೆ, ದಂಟಿನಸೊಪ್ಪಿನ ಉಪ್ಸಾರು, ಖಾರ. ಪಕ್ಕದಲ್ಲಿ ಮಡಿಸಿಟ್ಟ ಹೊಸ ಬಿಳಿ ಅಂಗಿ. ಉಪ್ಸಾರಿಗೆ ಪ್ರಾಣ ಬಿಡುತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನೇ. ರಕ್ತ ತೆಳುವಾಗಿಡುವ ಮಾತ್ರೆಗೆ ಸೊಪ್ಪು ಆಗಿಬರುವುದಿಲ್ಲವೆಂದು, ಆಪರೇಷನ್ ಆದಾಗಿನಿಂದ ಅತ್ತೆ ಅವನಿಗೆ ಅದನ್ನು ಅಳೆದೇ ಬಡಿಸುತ್ತಿದ್ದಳು.

‘ಇದ್ಯಾರಿಗವ್ವ?’ ಅಂದಳು ಅಮ್ಮ.

‘ನಿಂಗೆ ಗೊತ್ತು’ ಅಂದಳು ಅಜ್ಜಿ.

ಹಬ್ಬಕ್ಕೆಂದು ಬಂದಿದ್ದ ಮಾವ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಗೋಡೆಯ ಪ್ಲಗ್ಗಿಗೆ ಅವನ ಉದ್ದನೆಯ ವೈರು ಸಿಕ್ಕಿಸಿತ್ತು. ಅತ್ತೆ ಧೂಪದ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ, ಕೋಣೆಯ ಬಾಗಿಲಲ್ಲಿದ್ದ ಬ್ಯಾಟರಿ ಬ್ಯಾಗನ್ನು ಅಭ್ಯಾಸಬಲದಿಂದ ಹೆಗಲಿಗೇರಿಸಿದಳು. ‘ಬನ್ನಿ, ಆಚೆ ಓಗನ’ ಅಂದಳು. ಅವನು ‘ನೀ ನಡಿ, ಹಿಂದ್ಲ ಬಾಗ್ಲಲ್ಲಿ ಬತ್ತೀನಿ’ ಅಂದ. ಬ್ಯಾಗು ಅಲ್ಲೇ ಇದೆ ಎಂದು ಅವನ ನಂಬಿಕೆ. ಅವನು ಆಗಲೇ ಎರಡು ಬ್ಯಾಟರಿ ತೆಗೆದು ಹಾಕಿಕೊಂಡಿದ್ದಾನೆ, ಬ್ಯಾಗಿನಲ್ಲಿರುವುದು ಬದಲಿ ಬ್ಯಾಟರಿ ಎಂದು ಅವಳ ನಂಬಿಕೆ. ಹಿತ್ತಿಲ ಬಾಗಿಲಿಗೆ ಅಜ್ಜಿ ಹೊರಗಿನಿಂದ ಆಗಲೇ ಚಿಲಕ ಹಾಕಿಸಿದ್ದಳು.

ದೀಪ ಹಚ್ಚುವ ಹೊತ್ತು. ಚಿಕ್ಕತಾತ ಮುಂಬಾಗಿಲಿಗೆ ಚಿಲಕ ಸಿಕ್ಕಿಸಿ, ಮೇನ್ ಸ್ವಿಚ್ಚು ಇಳಿಸಿ, ಜಾಗಟೆ ಬಾರಿಸತೊಡಗಿದ. ನಾವೆಲ್ಲ ಅಂಗಳದಲ್ಲಿ ಕೈಮುಗಿದು ನಿಂತೆವು. ಊರಿನ ಬೇರೆ ಮನೆಗಳ ಜಾಗಟೆಯೂ ಕೇಳುತ್ತಿತ್ತು.

ಚಿಕ್ಕತಾತ ಕೈ ಸೋತು ನಿಲ್ಲಿಸಿದ. ಆಗ ಕೇಳಿಸಿತು.

ಒಳಗಿನಿಂದ ಏನೋ ಸಣ್ಣಗೆ, ಎಳೆದಂತೆ, ಉಸಿರು ತೆಗೆದುಕೊಳ್ಳದೆ ಕೂಗುತ್ತಿತ್ತು. ಹಕ್ಕಿಯಲ್ಲ, ಮಗುವಲ್ಲ. ಅದರ ನಡುವೆ ಬಾಗಿಲಿಗೆ ಬೆರಳ ಗೆಣ್ಣು ತಾಗಿದ ಸದ್ದು. ಟಕ್ ಟಕ್.

‘ಬಂದವ್ರೆ’ ಅಂದ ಚಿಕ್ಕತಾತ, ಪಿಸುದನಿಯಲ್ಲಿ. ‘ಹಿರೀಕ್ರು ಬಂದವ್ರೆ ಕಣ. ಕೈಮುಗೀರಿ.’

ನಾವು ಮುಗಿದಿದ್ದ ಕೈಯನ್ನು ಇನ್ನೂ ಬಿಗಿಯಾಗಿ ಮುಗಿದೆವು. ದೇವರಾಣೆ, ನಾನೂ ಮುಗಿದೆ. ಆಮೇಲೆ ಒಳಗಿನಿಂದ ‘ಅವ್ವಾ’ ಎಂದಿತು ಒಂದು ದನಿ. ಗಟ್ಟಿಯಾಗಿ ಅಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಹೊತ್ತಿಗೆ ಅತ್ತೆ ತನ್ನ ಹೆಗಲು ಮುಟ್ಟಿ ನೋಡಿಕೊಂಡಳು. ‘ಅಯ್ಯಯ್ಯೋ, ಬ್ಯಾಗು ನನ್ತಾವ್ಲೇ ಅದೆ! ಒಳಗೆ ಅವ್ರೆ, ಅವ್ರು ಒಳ್ಗೇ ಅವ್ರೆ!’

ಕರೆಂಟು ತಪ್ಪಿದರೆ ಆ ಸೊಂಟದ ಪೆಟ್ಟಿಗೆ ಅರಚಿಕೊಳ್ಳುತ್ತದೆ. ಅದರೊಳಗೆ ಆಪತ್ತಿಗೆಂದು ಸಣ್ಣದೊಂದು ಬ್ಯಾಟರಿ ಇದೆ. ಸ್ವಲ್ಪ ಹೊತ್ತು ತಡೆಯುತ್ತದೆ, ಬಹಳ ಹೊತ್ತಲ್ಲ. ಆಮೇಲೆ ಚಕ್ರ ನಿಲ್ಲುತ್ತದೆ. ಇದು ನಮಗೆಲ್ಲ ಗೊತ್ತಿತ್ತು. ನಾನು ಓಡಿಹೋಗಿ ಮೇನ್ ಸ್ವಿಚ್ಚು ಎತ್ತಿದೆ. ಜಗಲಿಯ ದೀಪ ಬರಲಿಲ್ಲ. ಇಳಿಸಿ ಮತ್ತೆ ಎತ್ತಿದೆ. ತಿರುಗಿ ನೋಡಿದರೆ ಬೀದಿದೀಪವೂ ಇಲ್ಲ, ಎದುರುಮನೆಯಲ್ಲೂ ಇಲ್ಲ. ನಾವು ಜಾಗಟೆ ಕೇಳುತ್ತ ನಿಂತಿದ್ದಾಗ ಇಡೀ ಊರಿನ ಕರೆಂಟೇ ಹೋಗಿತ್ತು.

ಬಾಗಿಲ ಹತ್ತಿರ ಬರುವಷ್ಟರಲ್ಲಿ ಅಜ್ಜಿ ಅಲ್ಲಿದ್ದಳು. ಚಿಲಕದ ಮೇಲೆ ಎರಡೂ ಕೈ ಇಟ್ಟು, ಬೆನ್ನನ್ನು ಬಾಗಿಲಿಗೆ ಕೊಟ್ಟು.

‘ತಗೀಬ್ಯಾಡ ಅತ್ಗೆಮ್ಮ’ ಅಂದ ಚಿಕ್ಕತಾತ. ‘ಉಣ್ತಾ ಕೂತೋರ್ನ ಎಬ್ಬಿಸ್ದಂಗಾಯ್ತದೆ. ಮನೆಗೆ ಒಳ್ಳೇದಲ್ಲ.’

‘ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಬುಡಿ’ ಅತ್ತೆ ಅಳುತ್ತಿದ್ದಳು.

‘ಕರೀತಾ ಇರೋದು ಯಾರು ಅಂತ ಗೊತ್ತಾ ನಿಂಗೆ?’ ಅಂದಳು ಅಜ್ಜಿ ಸೊಸೆಗೆ. ಬೈದದ್ದಲ್ಲ. ನಿಜವಾಗಿ ಕೇಳಿದ್ದು. ‘ಎಲೆ ಹಾಕಿ ಕರ್ದೋಳು ನಾನು. ಬಂದವ್ನೆ. ತಗುದ್ರೆ, ಒಳಗೆ ಯಾನ ಇರ್ತದೋ!’

ಅಮ್ಮ ಅವಳ ಕೈ ಎಳೆಯಲು ಹೋದಳು. ಆಗದ ಮಾತು, ಆ ಬೆರಳು ಕಬ್ಬಿಣದ ಹಾಗೆ ಹಿಡಿದಿತ್ತು. ಒಳಗಿನ ಕೂಗು ನಿಲ್ಲಲಿಲ್ಲ. ಅಜ್ಜಿ ತಲೆಯನ್ನು ವಾರೆ ಮಾಡಿ ಬಾಗಿಲಿಗೆ ಕಿವಿ ಕೊಟ್ಟಳು. ನಾಡಿ ಹಿಡಿದಾಗ ಮುಚ್ಚುತ್ತಿದ್ದ ಹಾಗೆಯೇ ಕಣ್ಣು ಮುಚ್ಚಿದಳು. ನಮ್ಮ ಅಳು, ಚಿಕ್ಕತಾತನ ಗೊಣಗು ಯಾವುದೂ ಅವಳಿಗೆ ಕೇಳಿಸುತ್ತಿರಲಿಲ್ಲ ಎಂದು ಕಾಣುತ್ತದೆ.

‘ಸತ್ತೋರು ಹಿಂಗೆ ಕೂಗ್ಕಳಲ್ಲ’ ಅಂದಳು ಕೊನೆಗೆ. ‘ಸತ್ತೋರ್ಗೆ ಯಾನ ಭಯ?’

ಚಿಲಕ ತೆಗೆದವಳು ಅವಳೇ.

ಮಾವ ಹೊಸಿಲ ಒಳಗೇ ಗೋಡೆಗೊರಗಿ ನೆಲಕ್ಕೆ ಕೂತಿದ್ದ. ಸೊಂಟದ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅವನ ಹಿಂದೆ ಆ ಉದ್ದನೆಯ ವೈರು ಎಡೆಯ ಎಲೆಗಳ ನಡುವೆ ಹಾದು ಕೋಣೆಯ ತನಕ ಎಳೆದುಕೊಂಡಿತ್ತು, ಗೂಟದ ಹಗ್ಗದ ಹಾಗೆ. ಎಣ್ಣೆದೀಪದ ಬೆಳಕಿನಲ್ಲಿ ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬಲಗೈ ಬೆರಳಿಗೆ ರಾಗಿಮುದ್ದೆ ಅಂಟಿತ್ತು.

ಅತ್ತೆ ಯಾರನ್ನೂ ನೋಡದೆ ಮಂಡಿಯೂರಿ, ಒಂದು ವೈರು ಬಿಚ್ಚಿ ಒಂದು ಬ್ಯಾಟರಿ, ಇನ್ನೊಂದು ಬಿಚ್ಚಿ ಇನ್ನೊಂದು ಬ್ಯಾಟರಿ ಸಿಕ್ಕಿಸಿದಳು. ಕೂಗು ತಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಅಜ್ಜಿ ಅವನ ಮಣಿಕಟ್ಟು ಹುಡುಕಿ ಹಿಡಿದಳು. ಏನೂ ಇರಲಿಲ್ಲ, ಎಂದಿನ ಹಾಗೆ. ಬೆರಳು ಸರಿಸಿ ಮತ್ತೆ ಒತ್ತಿದಳು. ಆಗ ಮಾವ ಆ ಕೈಯಿಂದಲೇ ಅವಳ ತಲೆಯನ್ನು ಹಿಡಿದು ತನ್ನ ಎದೆಗೆ ಒತ್ತಿಕೊಂಡ. ಅವಳ ಬಿಳಿ ಕೂದಲಿಗೆ ರಾಗಿ ಮೆತ್ತಿತು.

ಅಜ್ಜಿ ಬಹಳ ಹೊತ್ತು ಕೇಳಿದಳು.

‘ಯಾನ ಕೇಳ್ತದವ್ವ?’ ಅಂದ.

‘ಗೋಡೆ ಒಳಗೆ ತುಡುವೆ ಜೇನು ಕಟ್ದಂಗದ.’ ತಲೆ ಎತ್ತದೆ ಹೇಳಿದಳು. ಆಮೇಲೆ ಕೂದಲಿಗೆ ಮೆತ್ತಿದ ರಾಗಿಯನ್ನು ಮುಟ್ಟಿ ನೋಡಿ, ‘ಎಡೆ ಎಂಜಲು ಮಾಡ್ಬುಟ್ಯಲ್ಲೋ, ಲೇ ಮಗ’ ಅಂದಳು.

‘ನನ್ ಎಲೆ ತಾನೆ ಕಣವ್ವ? ಸತ್ತಿದ್ರೆ ನಂದೇ. ಬದುಕಿದ್ರೆ ಹಸಿವಾಗಿತ್ತು. ಹಿಂದ್ಲ ಬಾಗ್ಲಲ್ಲಿ ಬತ್ತೀನಿ ಅಂದಿದ್ದು ಸುಳ್ಳು, ನೀನು ಬಾಗಿಲು ತಗ್ದಾಗ ಕಾಣ್ಲಿ ಅಂತ ಎಲೆ ಮುಂದೇ ಕೂತ್ಕಂಡೆ. ಒಂದು ತುತ್ತು ಮುರ್ದಿದ್ದೆ, ಅಷ್ಟರಲ್ಲಿ ಮೇನು ಇಳಿಸ್ಬುಟ್ರಿ. ಬ್ಯಾಗು ನೋಡಿದ್ರೆ ಇಲ್ಲ.’

‘ಕೂಗ್ಕಳೋದಲ್ವೇನ್ಲಾ, ಗಟ್ಟಿಯಾಗಿ?’ ಅಂದ ಚಿಕ್ಕತಾತ, ಹೊಸಿಲಾಚೆಯಿಂದ. ಅವನು ಇನ್ನೂ ಒಳಗೆ ಬಂದಿರಲಿಲ್ಲ.

‘ಕೂಗ್ದೆ. ನೀನು ಜಾಗಟೆ ಬಡೀತಿದ್ದೆ. ಆಮೇಲೆ ಬಾಗ್ಲು ಬಡುದ್ರೆ, ಹಿರೀಕ್ರು ಬಂದ್ರು ಕೈಮುಗೀರಿ ಅಂತೀಯಲ್ಲೊ ಚಿಕ್ಕಪ್ಪ!’

ಆಗ ನಗು ಬಂತು ನಮಗೆ. ಅತ್ತೆಗೂ ಬಂತು, ಅಳುವಿನ ಜೊತೆಗೆ. ಅಜ್ಜಿ ಮಾತ್ರ ನಗದೆ ಎದ್ದು ಹೋಗಿ, ಆ ತುದಿಯ ಎಲೆಯ ಪಕ್ಕದಿಂದ ಬಿಳಿ ಅಂಗಿ ತಂದು ಅವನ ಮಡಿಲಿಗೆ ಹಾಕಿದಳು. ‘ಹಾಕ್ಕೊ’ ಅಂದಳು. ಸತ್ತವನಿಗೆಂದು ತಂದಿದ್ದ ಅಂಗಿಯನ್ನು ಮಾವ ಎಷ್ಟೋ ದಿನ ಮಂಡಿಗೆ ಹಾಕಿಕೊಂಡು ಹೋದ. ಅದನ್ನು ತೊಟ್ಟು ಈರುಳ್ಳಿ ರಾಶಿಯ ಮುಂದೆ ನಿಂತಿದ್ದಾಗ ನೋಡಿದ್ದೇನೆ. ಯಾಕೋ ಹತ್ತಿರ ಹೋಗಿ ಮಾತಾಡಿಸುವ ತನಕ ಎದೆ ಹಗುರವಾಗುತ್ತಿರಲಿಲ್ಲ.

ಆಮೇಲೆ ಅಜ್ಜಿ ಎಲ್ಲರ ಕೈಯನ್ನೂ ಮೊದಲಿನ ಹಾಗೆ ಹಿಡಿಯುತ್ತಿದ್ದಳು. ಮಾವ ಬಂದರೆ ಮಾತ್ರ ‘ಬಗ್ಗು’ ಎನ್ನುವಳು. ಅವನು ಬಗ್ಗುವನು. ಅವಳು ಎದೆಗೆ ಕಿವಿ ಇಟ್ಟು ‘ಅದ ಬುಡು’ ಅನ್ನುವಳು.

ಬೇಸಿಗೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಳು. ಬಹಳ ನರಳಲಿಲ್ಲ. ಒಂದು ಬೆಳಿಗ್ಗೆ ಮಾವ ಅವಳ ಪಕ್ಕ ಕೂತು ಮಣಿಕಟ್ಟು ಹಿಡಿದುಕೊಂಡಿದ್ದ, ಅವಳು ಹಿಡಿಯುತ್ತಿದ್ದ ಹಾಗೆಯೇ ಮೂರು ಬೆರಳಲ್ಲಿ. ಚಿಕ್ಕತಾತ ಬಾಗಿಲಲ್ಲಿ ನಿಂತು, ‘ಅದೆಯಾ?’ ಎಂದು ಕೇಳಿದ. ಮಾವ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕಾದ. ‘ಇತ್ತು’ ಅಂದ. ಅವಳ ಕೈಯನ್ನು ಅವಳ ಎದೆಯ ಮೇಲೆ ಮೆಲ್ಲಗೆ ಇಟ್ಟ.

ಮಹಾಲಯ ಅಮಾವಾಸ್ಯೆಗೆ ನಾವೆಲ್ಲ ಮತ್ತೆ ಹರದನಹಳ್ಳಿಗೆ ಹೋದೆವು. ಎಡೆಯನ್ನು ಮಾವನೇ ಇಕ್ಕಿದ. ಎಲೆಗಳು ಹೋದ ವರ್ಷದಷ್ಟೇ ಇದ್ದವು. ತುದಿಯ ಎಲೆಯ ಪಕ್ಕ ಈ ಸಲ ಒಂದು ಸೀರೆ ಇತ್ತು. ಮೇನ್ ಸ್ವಿಚ್ಚನ್ನು ಯಾರೂ ಮುಟ್ಟಲಿಲ್ಲ. ಮಾವ ಬ್ಯಾಗನ್ನು ತಾನೇ ಹೆಗಲಿಗೆ ಹಾಕಿಕೊಂಡು, ಎಲ್ಲರೂ ಹೊರಗೆ ಬಂದಿದ್ದಾರೆಯೇ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿ, ಬಾಗಿಲು ಎಳೆದು ಚಿಲಕ ಹಾಕಿದ.